ಆರಾಮ ಅದಾಳ್ರಿ ಅಂದ ತಾಯಿ

ಖಾನಾಪುರ ತಾಲೂಕಿನ ಬೀಡಿ ಊರಿನ ಸುಂದರಾಬಾಯಿಯವರ ಮನೆಯಲ್ಲಿ ಆ ದಿನ ಚಹಾಕ್ಕೆ ನೀರಿಡುವ ಮೊದಲೇ ಮಾತಿಗೆ ಮಾತು ಬೆಳೆದಿತ್ತು.

"ನಾ ಬೆಳಗಾವಿ ದವಾಖಾನಿಗೆ ಹೋಗಂಗಿಲ್ರಿ ಅತ್ತಿ. ಇಲ್ಲೇ ಮನ್ಯಾಗ ಹಡೀತೀನಿ. ಸಂಗವ್ವಜ್ಜಿನ್ನ ಕರಸ್ರಿ," ಎಂದಳು ಸೊಸೆ ಪ್ರಾಚಿ. ತುಂಬಿದ ಬಸುರಿ. ತವರಿನಲ್ಲಿ ತಾಯಿಯಿಲ್ಲದ ಹುಡುಗಿಯಾದ್ದರಿಂದ ಅವಳ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ಮೊದಲೇ ನಿಶ್ಚಯವಾಗಿತ್ತು.

ಸಂಗವ್ವಜ್ಜಿ ಊರಿನ ಹಳೆಯ ಸೂಲಗಿತ್ತಿ. ಕಣ್ಣು ಮಂಜಾದ ಮೇಲೆ ಆಕೆಯೇ ಆ ಕೆಲಸ ಬಿಟ್ಟಿದ್ದಾಳೆ. ಯಾರಾದರೂ ಕರೆದರೆ "ನನ್ನ ಯಾಕ ಕರೀತೀರಿ, ಗಾಡಿ ಕರೀರಿ" ಎಂದು ಬೈದು ಕಳಿಸುತ್ತಾಳೆ. ಆದರೆ ಹೆದರಿದವರಿಗೆ ಇಂಥದ್ದೆಲ್ಲ ಎಲ್ಲಿ ತಲೆಗೆ ಹೋಗುತ್ತದೆ?

ಪಕ್ಕದ ಮನೆಯ ಸಾತವ್ವ ಮೊರ ಹಿಡಿದುಕೊಂಡೇ ಒಳಗೆ ಬಂದಳು. ಬೀಡಿಯಲ್ಲಿ ಯಾವ ಮನೆಯಲ್ಲಿ ದನಿ ಏರಿದರೂ ಅಲ್ಲಿ ಸಾತವ್ವನ ಮೊರ ಹಾಜರು.

"ನಿಮ್ಮ ಸೊಸಿ ಹೇಳೂದು ಖರೇ ಐತ್ರಿ ಸುಂದರಕ್ಕ. ನಿಮ್ಮ ಮಗಳು ಪೂನಮ್‌ಗ ಏನಾತು ನೋಡ್ರಿ. ನಡಕೋಂತ ಹೋದ ಹುಡುಗಿ, ಮೂಗಿಗೆ ನಳಿಗಿ ಹಾಕ್ಕೊಂಡು ಮಲಗಿದ್ಲು. ಏನ್ ಸೂಜಿ ಚುಚ್ಚಿದ್ರೋ ಯಾರಿಗೆ ಗೊತ್ತು? ಮನ್ಯಾಗ ಹಡದಿದ್ರ ಹಂಗ ಆಗ್ತಿತ್ತೇನು?"

ಪ್ರಾಚಿ ಅತ್ತೆಯ ಮುಖ ನೋಡಿದಳು. ಅವರ ಗಂಡ ಪದ್ಮಾಕರರೂ ನೋಡಿದರು. ಸಾತವ್ವನ ಮಾತಿಗೆ ಸುಂದರಾಬಾಯಿ ಬಾಯಿ ತೆರೆಯಲಿಲ್ಲ. ಸೆರಗಿನಿಂದ ಒರೆಸಿದ ತಾಟನ್ನೇ ಮತ್ತೆ ಒರೆಸುತ್ತ ನಿಂತರು.

ಇದು ಸಣ್ಣ ಸಂಗತಿಯಲ್ಲ. ಸುಂದರಾಬಾಯಿ ಕೆಟ್ಟವರಲ್ಲ, ಆದರೆ ಮನೆಯಲ್ಲಿ ಯಾರನ್ನು ಏನು ಕೇಳಿದರೂ ಉತ್ತರ ಅವರ ಬಾಯಿಂದಲೇ ಬರಬೇಕು. ಮೊಣಕಾಲು ನೋವು ಹೇಗಿದೆ ಎಂದು ಡಾಕ್ಟರು ಪದ್ಮಾಕರರನ್ನು ಕೇಳಿದರೆ "ಕಡಿಮಿ ಆಗೈತ್ರಿ" ಎನ್ನುವವರು ಇವರು. ಕುಂಟುತ್ತ ಎದ್ದು ಹೊರಗೆ ಬರುವವರು ಅವರು. ಅಂಥ ಹೆಂಗಸು ಆಸ್ಪತ್ರೆಯ ಮಾತು ಬಂದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಯಾಕೆ ಎನ್ನುವುದು ಅವರೊಬ್ಬರಿಗೇ ಗೊತ್ತಿತ್ತು. ಆ ಮಾತು ಅವರನ್ನು ಒಳಗಿಂದ ತಿನ್ನುತ್ತಿತ್ತು.

ಮಗಳು ಪೂನಮ್‌ಳನ್ನು ಬೆಳಗಾವಿಗೆ ಕೊಟ್ಟಿದ್ದರು. ಅಳಿಯ ಜಿನೇಂದ್ರ ಒಳ್ಳೆಯವನು, ಬೀಗರು ತುಸು ದೊಡ್ಡ ಮನೆತನದವರು. ಮೊದಲ ಹೆರಿಗೆ ತವರಿನದು ಎಂದು ಮಗಳು ಬೀಡಿಗೆ ಬಂದಿದ್ದಳು. ಬೆಳಗಿನ ಹೊತ್ತು ನೋವು ಶುರುವಾದಾಗ ಖಾನಾಪುರದ ಮೇಲೆ ಹಾದು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಎಲ್ಲ ನೆಟ್ಟಗೇ ನಡೆದಿತ್ತು.

ಹೆರಿಗೆ ಕೋಣೆಯೊಳಗೆ ಹೆರುವವಳ ಜೊತೆ ಒಬ್ಬರು ಇರಬಹುದು ಎಂದರು. ಸುಂದರಾಬಾಯಿ ಹೋದರು. ಹೊರಗಿನ ಬೆಂಚಿನ ಮೇಲೆ ಬೀಗರು ಕೂತಿದ್ದರು. ಮಗಳು ಅವರಿಗೆ ಕೇಳುವಂತೆ ಚೀರಬಾರದು ಎನ್ನುವುದೇ ತಾಯಿಗೆ ದೊಡ್ಡ ಚಿಂತೆ. ತಾನು ಮಕ್ಕಳನ್ನು ಹೆತ್ತಾಗ ಬಾಜೂ ಕೋಣೆಯವರಿಗೂ ಗೊತ್ತಾಗಿರಲಿಲ್ಲ ಎನ್ನುವ ಹೆಮ್ಮೆ ಅವರದು.

"ಣಮೋಕಾರ ಅನ್ನವಾ. ಬಾಯಿ ಬಿಡಬ್ಯಾಡ. ಹೊರಗ ನಿಮ್ಮತ್ತಿ ಕುಂತಾಳ."

ಪೂನಮ್ ಹಲ್ಲು ಕಚ್ಚಿ ಆ ಜೈನ ಮಂತ್ರ ಹೇಳುತ್ತಿದ್ದಳು. ಗರ್ಭದ ನೀರು ಹೋಗಿ ಸ್ವಲ್ಪ ಹೊತ್ತಾಗಿತ್ತು. ಒಮ್ಮೆಲೇ ಮಂತ್ರ ಅರ್ಧಕ್ಕೆ ನಿಂತಿತು.

"ಅವ್ವಾ, ಥಂಡಿ ಬರಾಕತ್ತೈತಿ. ಉಸರು ಸಾಲವಲ್ದು."

"ಎಲ್ಲಾರಿಗೂ ಹಂಗ ಆಗ್ತೈತಿ. ಮಂತ್ರ ಬಿಡಬ್ಯಾಡ."

"ಹಂಗಲ್ಲವ್ವಾ. ನನಗ ಏನೋ ಆಗಾಕತ್ತೈತಿ. ನಾ ಉಳಿಯಂಗಿಲ್ಲ ಅನಸ್ತೈತಿ. ಸಿಸ್ಟರ್‌ನ ಕರಿ."

"ಅಪಶಕುನದ ಮಾತು ಆಡಬ್ಯಾಡ. ಸುಮ್ಮ ಇರು."

ಅಷ್ಟರಲ್ಲಿ ಲಕ್ಷ್ಮೀ ಸಿಸ್ಟರ್ ಪರದೆಯ ಆಚೆಯಿಂದ ಕೇಳಿದರು, "ಪೂನಮ್, ಹೆಂಗದೀರಿ?"

ಸುಂದರಾಬಾಯಿಯ ಬಾಯಿ ತನ್ನ ರೂಢಿಯಂತೆ ಮುಂದೆ ಓಡಿತು. "ಆರಾಮ ಅದಾಳ್ರಿ."

ಸಿಸ್ಟರ್ ಬಾಜೂ ಮಂಚಕ್ಕೆ ಹೋದರು. ಪೂನಮ್ ತಾಯಿಯ ಮುಂಗೈ ಹಿಡಿದು ಏನೋ ಹೇಳಲು ನೋಡಿದಳು. ಆದರೆ ದನಿಗೆ ಬೇಕಾದ ಗಾಳಿಯೇ ಅವಳಲ್ಲಿ ಇರಲಿಲ್ಲ. ಕೂಸಿನ ಎದೆಬಡಿತ ನೋಡಲು ಸಿಸ್ಟರ್ ತಿರುಗಿ ಬರುವ ಹೊತ್ತಿಗೆ ಪೂನಮ್‌ಳ ತುಟಿ ನೀಲಿಯಾಗಿತ್ತು, ಕಣ್ಣು ಮೇಲಾಗಿತ್ತು. ಕೂಸಿನ ಬಡಿತವೂ ಇಳಿದಿತ್ತು. ಸಿಸ್ಟರ್ ಗಂಟೆ ಒತ್ತಿದ್ದೇ ತಡ, ಎಲ್ಲೆಲ್ಲಿಂದಲೋ ಡಾಕ್ಟರುಗಳು ಓಡಿ ಬಂದರು. ಯಾರೋ ಎದೆ ಒತ್ತತೊಡಗಿದರು, ಯಾರೋ ರಕ್ತ ತರಿಸಿ ಎಂದು ಕೂಗಿದರು. ಸುಂದರಾಬಾಯಿಯನ್ನು ತೋಳು ಹಿಡಿದು ಹೊರಗೆ ಕಳಿಸಿದರು.

ಕೂಸನ್ನು ತಡಮಾಡದೆ ಆಪರೇಷನ್ ಮಾಡಿ ಹೊರಗೆ ತೆಗೆದರು. ಅದು ಅಳಲಿಲ್ಲ. ಉಸಿರಾಟಕ್ಕೆ ಆಸರೆ ಕೊಟ್ಟು ಶಿಶುಗಳ ವಾರ್ಡಿಗೆ ಒಯ್ದರು. ತಾಯಿಯ ರಕ್ತ ಹೆಪ್ಪುಗಟ್ಟುವುದನ್ನೇ ಮರೆತಂತೆ ಹರಿಯಿತು. ಜಿನೇಂದ್ರ, ಅವನ ಗೆಳೆಯರು, ಪೂನಮ್‌ಳ ತಮ್ಮ, ಅಂದರೆ ಪ್ರಾಚಿಯ ಗಂಡ ಸಂಯಮ, ಎಲ್ಲರೂ ತೋಳು ಚಾಚಿ ರಕ್ತ ಕೊಟ್ಟರು. ಆಸ್ಪತ್ರೆಯಲ್ಲಿ ರಕ್ತ ಇತ್ತು, ಆಪರೇಷನ್ ಕೋಣೆ ಇತ್ತು, ಐಸಿಯು ಇತ್ತು. ಅದಕ್ಕೇ ಪೂನಮ್ ಉಳಿದಳು. ಬೀಡಿಯ ಮನೆಯಲ್ಲಿ ಇದ್ದಿದ್ದರೆ ತಾಯಿ ಮಗು ಇಬ್ಬರೂ ಹೋಗುತ್ತಿದ್ದರು. ಈ ಮಾತನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಮಗಳು ಐಸಿಯುನಲ್ಲಿ ಕಣ್ಣು ಬಿಟ್ಟ ದಿನ ಡಾಕ್ಟರ್ ಅಲಕಾ ಮನೆಯವರನ್ನೆಲ್ಲ ಕೂಡಿಸಿಕೊಂಡು ಹೇಳಿದರು.

"ಇದಕ್ಕ ಆಮ್ನಿಯಾಟಿಕ್ ಫ್ಲೂಯಿಡ್ ಎಂಬಾಲಿಸಂ ಅಂತಾರ. ಹೆಸರು ನೆನಪಿಡಬ್ಯಾಡ್ರಿ, ಸಂಗತಿ ನೆನಪಿಡ್ರಿ. ಹೊಟ್ಟ್ಯಾಗ ಕೂಸಿನ ಸುತ್ತ ನೀರಿನ ಚೀಲ ಇರ್ತೈತಿ. ಹೆರಿಗಿ ಹೊತ್ತಿನ್ಯಾಗ ಆ ನೀರು ತಾಯಿ ರಕ್ತದಾಗ ಸೇರಬಹುದು. ಬಾಳ ಮಂದಿಗೆ ಅದರಿಂದ ಏನೂ ಆಗಂಗಿಲ್ಲ. ಲಕ್ಷ ಹೆರಿಗ್ಯಾಗ ಬೆರಳ ಮ್ಯಾಲ ಎಣಿಸುವಷ್ಟು ಮಂದಿಗೆ ಮಾತ್ರ ಮೈ ಅದನ್ನ ತಡಕೊಳ್ಳಂಗಿಲ್ಲ. ಉಸರು ಕಟ್ಟತೈತಿ, ಬಿಪಿ ಬೀಳತೈತಿ, ಹಾರ್ಟ್ ನಿಲ್ಲಬಹುದು. ಆಮ್ಯಾಲ ರಕ್ತ ನಿಲ್ಲಂಗಿಲ್ಲ. ತಾಯಿಗೆ ಉಸರು ಇಲ್ಲಂದ್ರ ಕೂಸಿಗೂ ಇಲ್ಲ."

"ಯಾಕ ಬಂತ್ರಿ ಇದು? ನಾವು ಏನ್ ತಪ್ಪು ಮಾಡಿದ್ವಿ?" ಎಂದು ಜಿನೇಂದ್ರ ಕೇಳಿದ.

"ಯಾರೂ ತಪ್ಪು ಮಾಡಿಲ್ಲ. ಅಕಿ ತಿಂದದ್ದರಿಂದ ಬಂದಿಲ್ಲ, ನಡದದ್ದರಿಂದ ಬಂದಿಲ್ಲ. ಯಾರಿಗೆ ಬರತೈತಿ ಅಂತ ಮೊದಲ ತಿಳಿಯುವ ಟೆಸ್ಟ್ ಇಲ್ಲ, ಬರದಂಗ ಮಾಡುವ ಔಷಧಾನೂ ಇಲ್ಲ. ಬಂದ ಕೂಡ್ಲೆ ಗುರತ ಹಿಡಿದು ಓಡೂದು ಒಂದ ನಮ್ಮ ಕೈಯಾಗ ಐತಿ." ಆಮೇಲೆ ಅವರು ಸುಂದರಾಬಾಯಿಯ ಕಡೆ ತಿರುಗಿದರು. "ನೀವು ಬಾಜೂಕ ಇದ್ರಿ ಅಲ್ರಿ. ಬಾಳ ಮಂದಿಗೆ ಮೊದಲ ತಮಗ ತಿಳೀತೈತಿ. ಉಸರು ಸಾಲವಲ್ದು, ಅಂಜಿಕಿ ಆಗ್ತೈತಿ ಅಂತಾರ. ಪೂನಮ್ ಹಂಗೇನರ ಅಂದಿದ್ಲೇನು?"

ಬೀಗಿತಿ ನೋಡುತ್ತಿದ್ದರು. ಅಳಿಯ ನೋಡುತ್ತಿದ್ದ.

"ಇಲ್ರಿ. ಏನೂ ಅನ್ನಲಿಲ್ಲ," ಎಂದುಬಿಟ್ಟರು ಸುಂದರಾಬಾಯಿ.

ಆ ಮಾತು ಅಲ್ಲಿಗೇ ಮುಗಿದಿದ್ದರೆ ಬೇರೆ. ಆದರೆ ಪೂನಮ್‌ಗೆ ಹೆರಿಗೆ ಕೋಣೆಯ ನೆನಪು ಒಂದೂ ಉಳಿದಿರಲಿಲ್ಲ. ಕಾರು ಹತ್ತಿದ್ದು ನೆನಪು, ಐಸಿಯುನಲ್ಲಿ ಎದ್ದದ್ದು ನೆನಪು, ನಡುವಿನದು ಬರೀ ಕತ್ತಲೆ. ಹಾಗಾಗಿ ತಾಯಿ ಹೇಳಿದ್ದನ್ನೇ ಅವಳು ನಂಬಿದಳು. ಇತ್ತ ಬೀಗಿತಿ ನೆಂಟರೆಲ್ಲರ ಮುಂದೆ "ತಾಯಿ ಬಾಜೂಕ ಇದ್ದದ್ದಕ್ಕ ನಮ್ಮ ಸೊಸಿ ಉಳಿದ್ಲು" ಎಂದು ಹೊಗಳಿ, ಸುಂದರಾಬಾಯಿಗೆ ಉಡಿ ತುಂಬಿದರು. ಉಡಿ ತುಂಬಿಸಿಕೊಂಡ ಸೆರಗು ಭಾರವಾಗಿ, ಅವರಿಗೆ ತಲೆ ಎತ್ತಲು ಆಗಲಿಲ್ಲ. ಬೀಡಿಗೆ ಬಂದರೆ ಸಾತವ್ವ ಕಥೆ ಕಟ್ಟಿ ತಯಾರಾಗಿದ್ದಳು. ತಪ್ಪೆಲ್ಲ ಆಸ್ಪತ್ರೆಯ ಸೂಜಿಯದು ಎನ್ನುವ ಕಥೆ. ಅದು ಸುಳ್ಳೆಂದು ಸುಂದರಾಬಾಯಿಗೆ ಗೊತ್ತಿತ್ತು. ಆದರೂ ಸುಮ್ಮನಿದ್ದರು. ಮಂದಿ ಸೂಜಿಯನ್ನು ಬೈಯುತ್ತಿರುವಷ್ಟು ದಿನ ತಮ್ಮ ಕಡೆ ಯಾರೂ ನೋಡುವುದಿಲ್ಲ ಎನ್ನುವ ಸಣ್ಣ ಬುದ್ಧಿ. ಈಗ ಅದೇ ಕಥೆ ಕೇಳಿ ಪ್ರಾಚಿ ಹೆದರಿ ಕೂತಿದ್ದಳು. ಒಬ್ಬ ಮಗಳ ಜೀವದ ಜೊತೆ ಆಟವಾಡಿದ್ದು ಸಾಲದೆಂದು ಸೊಸೆಯ ಜೀವವನ್ನೂ ಪಣಕ್ಕೆ ಇಟ್ಟಂತಾಗಿತ್ತು.

ಪ್ರಾಚಿಯ ಹಟದ ಸುದ್ದಿ ಫೋನಿನಲ್ಲಿ ಬೆಳಗಾವಿಗೆ ಮುಟ್ಟಿತು. ಮರುದಿನವೇ ಪೂನಮ್ ಮಗಳು ಮುಗ್ಧಾಳನ್ನು ಎತ್ತಿಕೊಂಡು ಬೀಡಿಗೆ ಬಂದಳು. ಮುಗ್ಧಾ ಆಸರೆ ಕೊಟ್ಟರಷ್ಟೇ ಕೂರುತ್ತಿದ್ದಳು. ಓರಗೆಯ ಕೂಸುಗಳು ಆಗಲೇ ಅಂಬೆಗಾಲಿಡುತ್ತಿದ್ದವು. ಹುಟ್ಟುವಾಗ ಉಸಿರು ಕಡಿಮೆಯಾಗಿದ್ದರಿಂದ ಬೆಳವಣಿಗೆ ತುಸು ನಿಧಾನ, ಬಿಡದೆ ತೋರಿಸುತ್ತಿರಿ, ವ್ಯಾಯಾಮ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಪೂನಮ್ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಪಡಸಾಲೆಯಲ್ಲಿ ಎಲ್ಲರೂ ಕೂತರು. ಸಾತವ್ವನೂ ಮೊರದ ಸಮೇತ ಕೂತಳು.

"ಅಕ್ಕಾ, ನೀವು ಸಿಟ್ಟಾಗಬ್ಯಾಡ್ರಿ," ಎಂದಳು ಪ್ರಾಚಿ. "ನಿಮಗ ಆದದ್ದು ನೋಡಿ ನನಗ ದವಾಖಾನಿ ಅಂದ್ರ ಕೈಕಾಲು ತಣ್ಣಗ ಆಗ್ತಾವು."

"ದವಾಖಾನಿಂದ ನಂಗ ಏನೂ ಆಗಿಲ್ಲ ಪ್ರಾಚಿ. ದವಾಖಾನ್ಯಾಗ ಇದ್ದೆ ಅಂತ ನಿನ್ನ ಮುಂದ ಕುಂತೀನಿ."

"ಮತ್ತ ಆ ಸೂಜಿ?" ಎಂದು ಸಾತವ್ವ ತಲೆ ಹಾಕಿದಳು.

"ಯಾವ ಸೂಜಿನೂ ಅಲ್ಲಬೇ ಸಾತವ್ವ. ಅದು ಯಾರಿಗೂ ಹೇಳಿ ಕೇಳಿ ಬರೂ ಬ್ಯಾನಿ ಅಲ್ಲ. ಮನ್ಯಾಗ ಹಡದ್ರೂ ಬರಬಹುದು. ಆದ್ರ ಮನ್ಯಾಗ ರಕ್ತದ ಬಾಟ್ಲಿ ಎಲ್ಲಿಂದ ತರ್ತಿ?" ಪೂನಮ್ ಕೂಸಿನ ಬೆನ್ನು ಸವರುತ್ತ ಮಾತು ಮುಂದುವರಿಸಿದಳು. ಈಗ ಅವಳ ದನಿ ಇಳಿದಿತ್ತು. "ತಪ್ಪು ಯಾರದರ ಇದ್ರ ನಂದು. ಉಸರು ಸಾಲದಾಗ ಬಾಯಿ ಬಿಟ್ಟು ಹೇಳಬೇಕಿತ್ತು. ನಾನು ಮಾನಾ ಹೋಗತೈತಿ ಅಂತ ಬಾಯಿ ಮುಚ್ಚಿಕೊಂಡು ಮಲಗಿದ್ನೋ ಏನೋ. ಹೇಳಿದ್ರ ಇಕಿಗೆ ಇಷ್ಟು ತ್ರಾಸ ಆಗ್ತಿರಲಿಲ್ಲ ಅಂತ ದಿನಾ ಅನಸ್ತೈತಿ. ಇಕಿ ಮುಖ ನೋಡಾಕ ನಾಚಿಕಿ ಆಗ್ತೈತಿ ನಂಗ. ನೀ ಹಂಗ ಮಾಡಬ್ಯಾಡ ಪ್ರಾಚಿ."

ಸುಂದರಾಬಾಯಿ ಬಾಗಿಲಿಗೆ ಆತು ನಿಂತಿದ್ದರು. ಆ ನಾಚಿಕೆ ಮಗಳದ್ದಲ್ಲ, ತಮ್ಮದು. ತಾವು ಹೊರಬೇಕಾದದ್ದನ್ನು ಇಷ್ಟು ದಿನ ಆ ಹುಡುಗಿ ಹೊತ್ತು ತಿರುಗಿದ್ದಾಳೆ. ಅವರು ಅಲ್ಲೇ ಹೊಸ್ತಿಲ ಬಳಿ ಕೂತರು. ಸಾತವ್ವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಇಡೀ ಬೀಡಿಗೆ ಗೊತ್ತಾಗುತ್ತದೆ ಎನ್ನುವುದೂ ತಿಳಿದಿತ್ತು. ಗೊತ್ತಾಗಲಿ ಎಂದುಕೊಂಡರು.

"ಪೂನಮ್, ನೀ ಹೇಳಿದ್ದಿ," ಎಂದರು.

"ಏನು?"

"ಉಸರು ಸಾಲವಲ್ದು ಅಂದಿ. ಸಿಸ್ಟರ್‌ನ ಕರಿ ಅಂದಿ. ನಾನ ನಿನ್ನ ಬಾಯಿ ಮುಚ್ಚಸ್ದೆ. ಬೀಗರು ಕುಂತಾರ, ಸುಮ್ಮ ಇರು ಅಂದೆ. ಸಿಸ್ಟರ್ ತಾನಾಗಿ ಬಂದು ಕೇಳಿದ್ಲು. ಆರಾಮ ಅದಾಳ ಅಂತ ಹೇಳಿದಾಕಿ ನಾನು. ಡಾಕ್ಟರ್ ಮುಂದ ಸುಳ್ಳ ಹೇಳಿದಾಕಿನೂ ನಾನ."

ಸಾತವ್ವ ಮೊರ ಕೆಳಗಿಟ್ಟಳು. ಪದ್ಮಾಕರರು ಹೆಂಡತಿಯ ಮುಖವನ್ನು ನೋಡಿ, ಆಮೇಲೆ ನೋಡಲಾಗದೆ ಬೇರೆ ಕಡೆ ತಿರುಗಿದರು.

"ನಾ ಹೇಳಿದ್ನಾ?" ಎಂದಳು ಪೂನಮ್ ಮೆಲ್ಲಗೆ.

"ಹೇಳಿದಿ ತಾಯಿ."

ಪೂನಮ್ ಕೂಸನ್ನು ಎದೆಗೆ ಅವಚಿಕೊಂಡು ಅತ್ತಳು. ತಾಯಿಯ ಹತ್ತಿರ ಬರಲಿಲ್ಲ. "ಎಷ್ಟು ದಿನ ಆತವ್ವಾ, ನಾ ನನ್ನನ್ನ ಬೈಕೋಳಾಕತ್ತು. ನೀ ನೋಡಕೋಂತ ಇದ್ದಿ," ಎಂದಷ್ಟೇ ಹೇಳಿ ಹಿತ್ತಲಿಗೆ ಹೋದಳು. ಸುಂದರಾಬಾಯಿ ಅವಳ ಹಿಂದೆ ಹೋಗಲಿಲ್ಲ. ಹೋಗಲು ಮುಖ ಇರಲಿಲ್ಲ.

ತಪಾಸಣೆಯ ದಿನ ಪ್ರಾಚಿಯನ್ನು ಕರೆದುಕೊಂಡು ಎಲ್ಲರೂ ಬೆಳಗಾವಿಗೆ ಹೋದರು. ಅವಳಾಗಿಯೇ ಹೊರಟಿದ್ದಳು. "ಅತ್ತಿ ಇಷ್ಟು ಮಂದ್ಯಾಗ ಖರೇ ಹೇಳಿದ ಮ್ಯಾಲ ನಂಗ ಸೂಜಿ ಅಂಜಿಕಿ ಹೋತು," ಎಂದಿದ್ದಳು. ಸುಂದರಾಬಾಯಿ ಡಾಕ್ಟರ್ ಅಲಕಾ ಅವರ ಮುಂದೆ ನಿಂತು, ಅಂದು ಮುಚ್ಚಿಟ್ಟದ್ದನ್ನೆಲ್ಲ ಹೇಳಿದರು. ಕೊನೆಗೆ ಕೇಳಿದರು, "ನಾ ಆವಾಗ ಕರದಿದ್ರ ಕೂಸು ಚೊಲೋ ಇರ್ತಿತ್ತೇನ್ರಿ?"

ಡಾಕ್ಟರು ತಕ್ಷಣ ಸಮಾಧಾನ ಹೇಳಲಿಲ್ಲ.

"ನಂಗ ಗೊತ್ತಿಲ್ರಿ ಸುಂದರಾಬಾಯಿ. ಯಾರೂ ಹೇಳಾಕ ಬರಂಗಿಲ್ಲ. ಬ್ಯಾನಿ ನಿಮ್ಮಿಂದ ಬಂದಿಲ್ಲ, ಬಂತು ಅಂತ ಮನಸಿನಾಗ ಇಟ್ಕೋಬ್ಯಾಡ್ರಿ. ಆದ್ರ ಇದರಾಗ ಒಂದೊಂದು ನಿಮಿಷಕ್ಕೂ ಬೆಲಿ ಐತಿ. ಅದನ್ನೂ ಸುಳ್ಳ ಅನ್ನಂಗಿಲ್ಲ ನಾನು. ನಾವು ಹಡಿಯೂ ಹೆಣ್ಮಗಳನ್ನ ಕೇಳಿದ್ರ ಅಕೀನ ಉತ್ತರ ಕೊಡಬೇಕು. ಇನ್ನ ಮ್ಯಾಲೆ ನಾವೂ ಪರದಿ ಸರಿಸಿ, ಮುಖ ನೋಡಿ ಕೇಳ್ತೀವಿ."

ಹೊರಗೆ ಬಂದಾಗ ಪ್ರಾಚಿ ಕೇಳಿದಳು, "ಹೆರಿಗಿ ಖೋಲ್ಯಾಗ ನನ್ನ ಜೋಡಿ ಯಾರು ಬರ್ತೀರಿ?"

"ನಾ ಬರ್ತೀನಿ," ಎಂದಳು ಪೂನಮ್.

ಸುಂದರಾಬಾಯಿ ತಲೆ ಆಡಿಸಿದರು. ಹಾಗೆಯೇ ಆಗಬೇಕಾದ್ದು ಎಂದು ಅವರಿಗೂ ಗೊತ್ತಿತ್ತು. ಆದರೂ ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ಪ್ರಾಚಿಯ ಹೆರಿಗೆಯ ದಿನ ಸುಂದರಾಬಾಯಿ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಳಗಿಂದ ಸೊಸೆಯ ದನಿ ಗೋಡೆ ದಾಟಿ ಬರುತ್ತಿತ್ತು. ಸಿಸ್ಟರ್ರೀ, ಸೊಂಟ ನೋಯ್ತೈತ್ರಿ. ಸಿಸ್ಟರ್ರೀ, ನೀರು ಕೊಡ್ರಿ. ಸಿಸ್ಟರ್ರೀ, ಈಗ ಉಸರು ಬರೋಬರಿ ಐತ್ರಿ. ಕೇಳಿದ್ದಕ್ಕೂ ಹೇಳುತ್ತಿದ್ದಳು, ಕೇಳದ್ದಕ್ಕೂ ಹೇಳುತ್ತಿದ್ದಳು. ಬೆಂಚಿನ ಮೇಲೆ ಕೂತಿದ್ದ ಯಾರದೋ ಮನೆಯ ಹಿರಿಯ ಹೆಂಗಸು ಮೂಗು ಮುರಿದಳು.

"ಏನ್ ಬಾಯಿರೀ ಆ ಹುಡುಗೀದು. ಒಂಚೂರು ನಾಚಿಕಿ ಬ್ಯಾಡೇನು? ಯಾರ ಮನಿ ಸೊಸಿ ಏನೋ."

"ನನ್ನ ಸೊಸಿರೀ," ಎಂದರು ಸುಂದರಾಬಾಯಿ. "ಕೂಗ್ಲಿ ಬಿಡ್ರಿ. ನನ್ನ ಮಗಳ ದನಿ ಹಿಂಗ ಹೊರಗ ಬರಲಾರದಂಗ ನಾನ ಕೈ ಅಡ್ಡ ಹಿಡದಿದ್ದೆ. ಇಕಿ ದನಿ ಕೇಳಸ್ತೈತಲ್ರಿ, ಅಷ್ಟೊತ್ತನಕಾ ನಾ ಇಲ್ಲಿ ಕುಂದರಬಲ್ಲೆ."

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಸುಂದರಾಬಾಯಿ ನಿಮ್ಮ ಮನೆಯಲ್ಲೂ ಇರಬಹುದು. ಅದಕ್ಕೇ ಇಷ್ಟು ಕೇಳಿಕೊಳ್ಳುತ್ತೇವೆ. ಗರ್ಭದ ನೀರು ರಕ್ತ ಸೇರುವ ಈ ಅಪಾಯ ಬಹಳ ಅಪರೂಪ, ಇದಕ್ಕಾಗಿ ಯಾರೂ ದಿನಾ ಹೆದರಿ ಬದುಕಬೇಕಿಲ್ಲ. ಆದರೆ ಬಂದರೆ ಹೇಳಿ ಬರುವುದಿಲ್ಲ. ಹೆರಿಗೆಯ ನೋವಿನಲ್ಲಿರುವಾಗ ಅಥವಾ ಕೂಸು ಹುಟ್ಟಿದ ಕೂಡಲೇ ತಾಯಿಗೆ ಒಮ್ಮೆಲೇ ಉಸಿರು ಸಾಲದಾದರೆ, ಚಳಿ ಹತ್ತಿದರೆ, ಕಾರಣವಿಲ್ಲದೆ ಜೀವ ಹೋಗುವ ಅಂಜಿಕೆ ಬಂದರೆ, ತುಟಿ ನೀಲಿಯಾದರೆ, ತಲೆ ತಿರುಗಿ ಬಿದ್ದರೆ, ಫಿಟ್ಸ್ ಬಂದರೆ, ರಕ್ತ ನಿಲ್ಲದಿದ್ದರೆ, ಆ ಕ್ಷಣವೇ ಡಾಕ್ಟರನ್ನೋ ಸಿಸ್ಟರನ್ನೋ ಕೂಗಿ ಕರೆಯಿರಿ. ಆಸ್ಪತ್ರೆಯ ಹೊರಗಿದ್ದರೆ ತಡಮಾಡದೆ ೧೦೮ಕ್ಕೆ ಕರೆ ಮಾಡಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಬೇಕಾದಾಗ ಆಪರೇಷನ್, ರಕ್ತ, ಐಸಿಯು ಎಲ್ಲಿ ಸಿಗುತ್ತದೆ ಎಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಈಗಲೇ ಕೇಳಿಟ್ಟುಕೊಳ್ಳಿ. ರಕ್ತ ಕೊಡಬಲ್ಲವರು ಮನೆಯಲ್ಲಿ ಯಾರಿದ್ದಾರೆ ಎಂದು ಮಾತಾಡಿಕೊಳ್ಳಿ. ಬದುಕಿ ಬಂದ ತಾಯಿಗೆ ತಪ್ಪು ಹೊರಿಸಬೇಡಿ, ಕೂಸಿನ ತಪಾಸಣೆ ತಪ್ಪಿಸಬೇಡಿ.

ಮತ್ತು ಹೆರಿಗೆ ಕೋಣೆಯಲ್ಲಿ ಸಿಸ್ಟರ್ ನಿಮ್ಮ ಮಗಳನ್ನೋ ಸೊಸೆಯನ್ನೋ ಹೇಗಿದ್ದೀರಿ ಎಂದು ಕೇಳಿದಾಗ, ನಿಮ್ಮ ಬಾಯಿಗೆ ಉತ್ತರ ಬಂದರೂ ನುಂಗಿಕೊಳ್ಳಿ. ಅವಳು ಹೇಳಲಿ. ಅವಳಿಗೆ ಹೇಳಲು ಆಗದಿದ್ದರೆ, ಅದನ್ನೇ ಕೂಗಿ ಹೇಳಿ.